ಧೂಳು ಚದುರಿಸಿದ ಬೆಳಕು: ಮಹಾವ್ಯಾಧ ನೀಹಾರಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಕ್ಷತ್ರಗಳು ಹುಟ್ಟುವ ನೀಹಾರಿಕೆಗಳ, ಅಂದರೆ ಅನಿಲ ಮತ್ತು ಧೂಳಿನ ಮೋಡಗಳ, ಫೋಟೋ ನೋಡಿದವರು ಮೊದಲು ಕೇಳುವುದು ಬಣ್ಣಗಳ ಬಗ್ಗೆ. ಆಮೇಲೆ ಕಪ್ಪು ಕಲೆಗಳ ಬಗ್ಗೆ. ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ಕೊನೆಗೆ ಸಿಗುವುದು ಧೂಳು. ಫೋಟೋದಲ್ಲಿ ಒಂದು ಜಾಗ ಹೊಳೆಯುತ್ತಿದ್ದರೆ ಆ ಬೆಳಕು ಅಲ್ಲೇ ಹುಟ್ಟಿದ್ದು ಅಂತ ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಹಾಗಿರುವುದಿಲ್ಲ. ಅದು ಬೇರೆಲ್ಲೋ ಹುಟ್ಟಿ, ಧೂಳಿಗೆ ತಗುಲಿ, ದಿಕ್ಕು ಬದಲಿಸಿ ನಮ್ಮ ಕಡೆ ಬಂದ ಬೆಳಕು.

ಹೆಚ್ಚಿನ ಉದಾಹರಣೆಗಳನ್ನು ಮಹಾವ್ಯಾಧ ನೀಹಾರಿಕೆಯಿಂದ, ಅಂದರೆ ಓರಿಯನ್ ನೆಬ್ಯುಲಾ ಅಥವಾ ಎಂ42ರಿಂದ ತೆಗೆದುಕೊಂಡಿದ್ದೇನೆ. ಅದು ಬರಿಗಣ್ಣಿಗೇ ಕಾಣುತ್ತದೆ. ನಮಗೆ ಹತ್ತಿರದಲ್ಲೂ ಇದೆ, ಸುಮಾರು 1,350 ಜ್ಯೋತಿರ್ವರ್ಷ. ದೊಡ್ಡ ದೊಡ್ಡ ನಕ್ಷತ್ರಗಳು ಹುಟ್ಟುತ್ತಿರುವ ಜಾಗಗಳಲ್ಲಿ ಇದರಷ್ಟು ಹತ್ತಿರದ್ದು, ಇಷ್ಟು ಚೆನ್ನಾಗಿ ಕಾಣುವಂಥದ್ದು ಇನ್ನೊಂದಿಲ್ಲ.

ನೀಹಾರಿಕೆಯಲ್ಲಿರುವ ಧೂಳು ಅಂದರೆ ನಮ್ಮ ಮನೆಯ ಧೂಳಿನ ಥರದ್ದೇ?

ಅಲ್ಲ. ಇದು ತುಂಬಾ ಸಣ್ಣದು. ಬೆಳಕನ್ನು ಚದುರಿಸುವ ಕಣಗಳ ಗಾತ್ರ ಸುಮಾರಾಗಿ ಒಂದು ಮೈಕ್ರೋಮೀಟರ್‌ನ ಹತ್ತನೇ ಒಂದು ಭಾಗ. ಮೈಕ್ರೋಮೀಟರ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ. ಇದಕ್ಕಿಂತ ಸಣ್ಣ ಕಣಗಳೂ ಬೇಕಾದಷ್ಟಿವೆ. ಸಿಲಿಕೇಟ್, ಅಂದರೆ ಕಲ್ಲಿನ ಜಾತಿಯ ಖನಿಜ, ಮತ್ತು ಇಂಗಾಲ ಇವೇ ಮುಖ್ಯ ಸರಕು. ವಯಸ್ಸಾದ ನಕ್ಷತ್ರಗಳು ಹೊರಗೆ ಊದುವ ಗಾಳಿಯಲ್ಲಿ ಮತ್ತು ಸೂಪರ್‌ನೋವಾ ಸ್ಫೋಟಗಳಲ್ಲಿ ಈ ಕಣಗಳು ಹುಟ್ಟುತ್ತವೆ.

ತೂಕದಲ್ಲಿ ನೋಡಿದರೆ ಧೂಳು ಏನೇನೂ ಅಲ್ಲ. ಅನಿಲ 100 ಪಾಲು ಇದ್ದರೆ ಧೂಳು ಸುಮಾರು 1 ಪಾಲು. ಆದರೆ ನಮ್ಮ ಕಣ್ಣಿಗೆ ಏನು ಕಾಣಬೇಕು, ಏನು ಕಾಣಬಾರದು ಅಂತ ತೀರ್ಮಾನ ಮಾಡುವುದು ಆ 1 ಪಾಲು.

ಧೂಳು ಬೆಳಕನ್ನು ತಡೆಯುತ್ತದೆ ಅಂತ ಗೊತ್ತು. ಚದುರಿಸುವುದು ಅಂದರೇನು?

ಬೆಳಕು ಕಣಕ್ಕೆ ತಗುಲಿದಾಗ ಎರಡರಲ್ಲಿ ಒಂದು ಆಗುತ್ತದೆ. ಕಣ ಬೆಳಕನ್ನು ಹೀರಿಕೊಂಡು ಬಿಸಿಯಾಗಬಹುದು. ಇಲ್ಲವೇ ಬೆಳಕು ಬೇರೆ ದಿಕ್ಕಿಗೆ ತಿರುಗಿ ಮುಂದೆ ಹೋಗಬಹುದು. ಮೊದಲನೆಯದು ಹೀರುವಿಕೆ, ಎರಡನೆಯದು ಚದುರುವಿಕೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಲು ಚದುರುತ್ತದೆ, ಉಳಿದದ್ದು ಹೀರಿಹೋಗುತ್ತದೆ.

ಹೀರಿಹೋದ ಬೆಳಕು ಆಮೇಲೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಆಗಿ ಹೊರಬರುತ್ತದೆ. ಚದುರಿದ ಬೆಳಕು ಮಾತ್ರ ತನ್ನ ಬಣ್ಣವನ್ನೂ ರೋಹಿತದ (ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣಗಳ ಪಟ್ಟಿಯ) ಗೆರೆಗಳನ್ನೂ ಹಾಗೇ ಇಟ್ಟುಕೊಂಡು ಹೊಸ ದಿಕ್ಕಿಗೆ ಹೊರಡುತ್ತದೆ. ನಕ್ಷತ್ರದಿಂದ ನೇರವಾಗಿ ನಮ್ಮ ಕಡೆ ಬರುತ್ತಿದ್ದ ಬೆಳಕು ಚದುರಿ ಆಚೆ ಹೋದರೆ ನಮಗೆ ನಷ್ಟ. ಬೇರೆ ಕಡೆ ಹೋಗುತ್ತಿದ್ದ ಬೆಳಕು ಚದುರಿ ನಮ್ಮ ಕಡೆ ತಿರುಗಿದರೆ ಲಾಭ. ಒಂದೇ ಧೂಳು ಒಂದು ಕಡೆ ಕಳೆಯುತ್ತದೆ, ಇನ್ನೊಂದು ಕಡೆ ಕೂಡಿಸುತ್ತದೆ. ಈ ಕೂಡು-ಕಳೆಯನ್ನು ಬಿಡಿಸಿ ನೋಡುವುದೇ ಇಲ್ಲಿರುವ ಕಷ್ಟ.

ಇನ್ನೊಂದು ಮಾತು. ಧೂಳು ಬೆಳಕನ್ನು ಎಲ್ಲಾ ದಿಕ್ಕಿಗೂ ಸಮನಾಗಿ ಎರಚುವುದಿಲ್ಲ. ಹೆಚ್ಚಿನದು ಮುಂದಕ್ಕೇ ಹೋಗುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಎದುರು ಬರುವ ಲಾರಿಯ ಹೆಡ್‌ಲೈಟ್ ಸುತ್ತ ದೊಡ್ಡ ಬೆಳಕಿನ ಗೋಳ ಕಾಣುತ್ತದಲ್ವಾ, ಅದು ನಮ್ಮ ಕಡೆಗೇ ಚದುರಿದ ಬೆಳಕು. ನಕ್ಷತ್ರಕ್ಕೂ ನಮಗೂ ನಡುವೆ ಇರುವ ಧೂಳಿನಲ್ಲೂ ಇದೇ ಆಗುತ್ತದೆ.

ಹಾಗಾದರೆ ಮಹಾವ್ಯಾಧ ನೀಹಾರಿಕೆ ಹೊಳೆಯುವುದು ಧೂಳಿನಿಂದಲೇ?

ಮುಖ್ಯವಾಗಿ ಅಲ್ಲ. ಅದರ ನಡುವೆ ಟ್ರಪೀಝಿಯಂ ಅನ್ನುವ ನಕ್ಷತ್ರಗಳ ಗುಂಪಿದೆ. ಆ ಗುಂಪಿನ ತೀಟಾ-1 ಓರಿಯೋನಿಸ್ ಸಿ ಅನ್ನುವ ನಕ್ಷತ್ರದ ಮೇಲ್ಮೈ ಸುಮಾರು 39,000 ಕೆಲ್ವಿನ್‌ನಷ್ಟು ಬಿಸಿ. ಅದರ ಅತಿನೇರಳೆ ಬೆಳಕು ಸುತ್ತಲಿನ ಹೈಡ್ರೋಜನ್ ಪರಮಾಣುಗಳಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಹಾಕುತ್ತದೆ. ಎಲೆಕ್ಟ್ರಾನ್ ಮತ್ತೆ ಪರಮಾಣುವಿಗೆ ಸೇರಿದಾಗ ಬೆಳಕು ಬರುತ್ತದೆ. 656.3 ನ್ಯಾನೋಮೀಟರ್ ತರಂಗಾಂತರದ, ಅಂದರೆ ಅಲೆಯ ಉದ್ದದ, ಕೆಂಪು ಗೆರೆ ಎಚ್-ಆಲ್ಫಾ, 486.1ರ ನೀಲಿ-ಹಸಿರು ಗೆರೆ ಎಚ್-ಬೀಟಾ. ಇವುಗಳ ಜೊತೆಗೆ ಆಮ್ಲಜನಕದ 500.7ರ ಹಸಿರು ಗೆರೆ. ಇದೆಲ್ಲಾ ಅನಿಲದ ಸ್ವಂತ ಬೆಳಕು.

ಆದರೆ ಗೆರೆಗಳ ನಡುವೆಯೂ ಎಲ್ಲಾ ಬಣ್ಣಗಳಲ್ಲೂ ಹರಡಿದ ಮಂದ ಬೆಳಕೊಂದಿದೆ. ಬಿಸಿ ಅನಿಲವೊಂದೇ ಅಷ್ಟು ಬೆಳಕು ಕೊಡಲಾರದು. ಅದರಲ್ಲಿ ದೊಡ್ಡ ಪಾಲು ಟ್ರಪೀಝಿಯಂ ನಕ್ಷತ್ರಗಳದ್ದು, ಧೂಳಿಗೆ ತಗುಲಿ ನಮಗೆ ಸಿಕ್ಕಿದ್ದು.

ಇಲ್ಲಿ ನೀಹಾರಿಕೆಯ ಆಕಾರವನ್ನು ಕಣ್ಮುಂದೆ ತಂದುಕೊಳ್ಳಬೇಕು. ಫೋಟೋದಲ್ಲಿ ಅದು ದುಂಡಗಿನ ಮೋಡದ ಹಾಗೆ ಕಾಣುತ್ತದೆ. ನಿಜವಾಗಿ ಅದು ಒಂದು ದೊಡ್ಡ ತಣ್ಣನೆಯ ಮೋಡದ ಮುಖದ ಮೇಲೆ, ನಮ್ಮ ಕಡೆಗೆ ತೆರೆದುಕೊಂಡಿರುವ ಗುಳಿ. ಹಿಂದೆ ಧೂಳು ತುಂಬಿದ ಮೋಡದ ಗೋಡೆ. ಗೋಡೆಯ ಮುಂದೆ, ಒಂದು ಜ್ಯೋತಿರ್ವರ್ಷಕ್ಕಿಂತ ಕಡಿಮೆ ದೂರದಲ್ಲಿ, ಟ್ರಪೀಝಿಯಂ. ಅದಕ್ಕೂ ಮುಂದೆ, ನಮ್ಮ ಕಡೆ, ತೆಳುವಾದ ಇನ್ನೊಂದು ಧೂಳಿನ ಪರದೆ. ಮುಂದಿನ ಪರದೆ ಬೆಳಕನ್ನು ಕಳೆಯುತ್ತದೆ. ಹಿಂದಿನ ಗೋಡೆ ಬೆಳಕನ್ನು ನಮ್ಮತ್ತ ಹಿಂದಿರುಗಿಸುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಮುಂದಿನ ಉತ್ತರಗಳೆಲ್ಲಾ ಸಲೀಸು.

ಕೆಲವು ನೀಹಾರಿಕೆಗಳು ಯಾಕೆ ನೀಲಿ? ಆಕಾಶ ನೀಲಿಯಾಗಿರುವ ಕಾರಣವೇ ಇದಕ್ಕೂ?

ಹತ್ತಿರದ ಕಾರಣ, ಆದರೆ ಅದೇ ಅಲ್ಲ. ನಮ್ಮ ಆಕಾಶದಲ್ಲಿ ಬೆಳಕನ್ನು ಚದುರಿಸುವುದು ಗಾಳಿಯ ಅಣುಗಳು. ಅವು ಬೆಳಕಿನ ತರಂಗಾಂತರಕ್ಕಿಂತ ತುಂಬಾ ಚಿಕ್ಕವು. ಹಾಗಾಗಿ ನೀಲಿ ಮತ್ತು ಕೆಂಪಿನ ನಡುವಿನ ವ್ಯತ್ಯಾಸ ಬಹಳ ತೀವ್ರ. ತರಂಗಾಂತರ ಅರ್ಧವಾದರೆ ಚದುರುವಿಕೆ 16 ಪಟ್ಟು. ನೀಹಾರಿಕೆಯ ಧೂಳಿನ ಕಣ ತರಂಗಾಂತರದ ಗಾತ್ರಕ್ಕೆ ಹತ್ತಿರ ಬರುತ್ತದೆ. ಅಲ್ಲಿ ವ್ಯತ್ಯಾಸ ಇದಕ್ಕಿಂತ ಎಷ್ಟೋ ಸೌಮ್ಯ. ತರಂಗಾಂತರ ಅರ್ಧವಾದರೆ ಸುಮಾರು 2 ಪಟ್ಟು ಅನ್ನಬಹುದು.

ಆದರೂ ನೀಲಿಯೇ ಜಾಸ್ತಿ ಚದುರುತ್ತದೆ. ಮೇಲಾಗಿ ಬೆಳಕು ಕೊಡುವ ಎಳೆಯ ದೊಡ್ಡ ನಕ್ಷತ್ರಗಳೂ ನೀಲಿಯೇ. ಎರಡೂ ಸೇರಿ ಕೃತ್ತಿಕೆ ನಕ್ಷತ್ರಗುಂಪಿನ ಸುತ್ತ ಫೋಟೋಗಳಲ್ಲಿ ಕಾಣುವ ತಿಳಿನೀಲಿ ಬರುತ್ತದೆ. ಎಂ20, ಅಂದರೆ ಟ್ರೈಫಿಡ್ ನೀಹಾರಿಕೆಯ ಬಣ್ಣದ ಫೋಟೋ ಸಿಕ್ಕಿದರೆ ನಿಧಾನವಾಗಿ ನೋಡಿ. ಕೆಂಪು ಭಾಗ ಹೈಡ್ರೋಜನ್‌ನ ಸ್ವಂತ ಬೆಳಕು. ಪಕ್ಕದ ನೀಲಿ ಭಾಗ ಧೂಳು ಚದುರಿಸಿದ ನಕ್ಷತ್ರದ ಬೆಳಕು. ಕೆಂಪನ್ನು ಸೀಳಿಕೊಂಡು ಹೋಗುವ ಕಪ್ಪು ಪಟ್ಟಿಗಳು ಮುಂದೆ ನಿಂತ ಧೂಳು. ಮೂರೂ ಒಂದೇ ಚೌಕಟ್ಟಿನಲ್ಲಿ ಇಷ್ಟು ಸ್ಪಷ್ಟವಾಗಿ ಸಿಗುವುದು ಅಪರೂಪ.

ನೀಲಿ ಬೆಳಕು ಧೂಳಿನದ್ದೇ ಅಂತ ಹೇಗೆ ಗೊತ್ತಾಯಿತು?

1912ರ ಕೊನೆಯಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಕೃತ್ತಿಕೆಯ ಮೆರೊಪೆ ನಕ್ಷತ್ರದ ಪಕ್ಕದ ನೀಹಾರಿಕೆಯ ರೋಹಿತ ತೆಗೆದರು. ಬಿಸಿ ಅನಿಲವಾಗಿದ್ದರೆ ಹೊಳೆಯುವ ಗೆರೆಗಳು ಬರಬೇಕಿತ್ತು. ಬಂದದ್ದು ಪಕ್ಕದ ನಕ್ಷತ್ರದ ರೋಹಿತದ್ದೇ ಪಡಿಯಚ್ಚು. ಅಂದರೆ ನೀಹಾರಿಕೆಗೆ ಸ್ವಂತ ಬೆಳಕಿಲ್ಲ, ನಕ್ಷತ್ರದ ಬೆಳಕನ್ನೇ ಅದು ತೋರಿಸುತ್ತಿದೆ. ನಕ್ಷತ್ರಗಳ ನಡುವೆ ಧೂಳು ಎಲ್ಲೆಡೆ ಹರಡಿದೆ ಅಂತ ರಾಬರ್ಟ್ ಟ್ರಂಪ್ಲರ್ ನಕ್ಷತ್ರಗುಚ್ಛಗಳನ್ನು ಅಳೆದು ತೋರಿಸಿದ್ದು 1930ರಲ್ಲಿ. ಸ್ಲೈಫರ್ ಅದಕ್ಕೂ ಎಷ್ಟೋ ಮುಂಚೆ ಇದ್ದರು.

ಕೃತ್ತಿಕೆಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಈಗಲೂ ಓಡಾಡುತ್ತಿದೆ. ಆ ಧೂಳು ಕೃತ್ತಿಕೆಯ ನಕ್ಷತ್ರಗಳು ಹುಟ್ಟಿದಾಗ ಉಳಿದದ್ದಲ್ಲ. ಸಂಬಂಧವೇ ಇಲ್ಲದ ಧೂಳಿನ ಮೋಡವೊಂದರ ಮೂಲಕ ಆ ಗುಂಪು ಈಗ ಹಾದುಹೋಗುತ್ತಿದೆ ಅಷ್ಟೇ.

ಮಹಾವ್ಯಾಧದಲ್ಲಿ ಅನಿಲ ಮತ್ತು ಧೂಳು ಬೆರೆತಿವೆ. ಅಲ್ಲಿ ಹೇಗೆ ಬೇರೆ ಮಾಡುತ್ತಾರೆ?

ಇದು ನನಗೆ ತುಂಬಾ ಇಷ್ಟವಾದ ಭಾಗ. ಹಿಂದಿನ ಗೋಡೆಯಿಂದ ಬಿಸಿ ಅನಿಲ ನಮ್ಮ ಕಡೆಗೆ ಹರಿದು ಬರುತ್ತಿದೆ, ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗದಲ್ಲಿ. ಹತ್ತಿರ ಬರುವುದರ ಬೆಳಕು ನೀಲಿಯ ಕಡೆಗೆ, ದೂರ ಹೋಗುವುದರ ಬೆಳಕು ಕೆಂಪಿನ ಕಡೆಗೆ ಸರಿಯುತ್ತದೆ; ಹಾಗಾಗಿ ನಮಗೆ ನೇರವಾಗಿ ಬರುವ ಆಮ್ಲಜನಕದ ಗೆರೆ ಸ್ವಲ್ಪ ನೀಲಿಯ ಕಡೆಗೆ ಸರಿದಿರುತ್ತದೆ. ಆದರೆ ಗೋಡೆಯಲ್ಲಿರುವ ಧೂಳಿನ ಕಡೆಯಿಂದ ನೋಡಿ. ಅದರ ಪಾಲಿಗೆ ಅನಿಲ ದೂರ ಹೋಗುತ್ತಿದೆ. ಹಾಗಾಗಿ ಅದಕ್ಕೆ ಸಿಗುವ ಬೆಳಕು ಕೆಂಪಿನ ಕಡೆಗೆ ಸರಿದಿರುತ್ತದೆ. ಆ ಬೆಳಕನ್ನೇ ಅದು ನಮ್ಮ ಕಡೆ ತಿರುಗಿಸುತ್ತದೆ. ಪರಿಣಾಮ ಏನು? ರೋಹಿತದಲ್ಲಿ ಮುಖ್ಯ ಗೆರೆಯ ಪಕ್ಕದಲ್ಲಿ, ಕೆಂಪಿನ ಕಡೆ, ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗಕ್ಕೆ ಸಮನಾಗಿ ಸರಿದ ಒಂದು ಮಂದ ಭುಜ ಕಾಣುತ್ತದೆ. ಒಂದೇ ಅನಿಲ, ಒಂದೇ ಗೆರೆ, ಆದರೆ ನಮಗೆ ಎರಡು ಸಲ ಕಾಣುತ್ತದೆ.

ಇದು ಗೊತ್ತಿಲ್ಲದೆ ಅದೇ ರೋಹಿತ ನೋಡಿದರೆ, ಬೇರೆ ವೇಗದಲ್ಲಿ ಓಡುವ ಇನ್ನೊಂದು ಅನಿಲದ ಪ್ರವಾಹ ಇದೆ ಅಂತ ಬರೆದುಬಿಡಬಹುದು. ಅಂಥ ಪ್ರವಾಹ ಅಲ್ಲಿಲ್ಲ.

ಇನ್ನೊಂದು ಸುಳಿವು ಧ್ರುವೀಕರಣ. ಚದುರಿದ ಬೆಳಕಿನ ಅಲೆಗಳು ಒಂದು ನಿರ್ದಿಷ್ಟ ದಿಕ್ಕಿನಲ್ಲಿ ಹೆಚ್ಚಾಗಿ ಕಂಪಿಸುತ್ತವೆ. ಆ ದಿಕ್ಕು ಬೆಳಕಿನ ಮೂಲದ ಕಡೆಗೆ ಎಳೆದ ಗೆರೆಗೆ ಅಡ್ಡವಾಗಿರುತ್ತದೆ. ನಕ್ಷೆಯ ಮೇಲೆ ಜಾಗ ಜಾಗದಲ್ಲಿ ಈ ದಿಕ್ಕುಗಳನ್ನು ಗುರುತು ಮಾಡಿದರೆ ಅವು ಮೂಲದ ಸುತ್ತ ಬಳೆಯ ಹಾಗೆ ಸುತ್ತುತ್ತವೆ. ಧೂಳಿನೊಳಗೆ ಹುದುಗಿ, ನೇರವಾಗಿ ಕಾಣದ ಎಳೆಯ ನಕ್ಷತ್ರ ಎಲ್ಲಿದೆ ಅಂತ ಹೀಗೆ ಪತ್ತೆ ಮಾಡಬಹುದು.

ಧೂಳು ಎಷ್ಟು ಬೆಳಕು ಕಳೆದಿದೆ ಅಂತ ಲೆಕ್ಕ ಹಾಕುವುದು ಹೇಗೆ?

ಎಚ್-ಆಲ್ಫಾ ಮತ್ತು ಎಚ್-ಬೀಟಾ ಗೆರೆಗಳ ಅನುಪಾತದಿಂದ. ಸುಮಾರು 10,000 ಕೆಲ್ವಿನ್ ಇರುವ ನೀಹಾರಿಕೆಯಲ್ಲಿ ಪರಮಾಣು ಭೌತವಿಜ್ಞಾನದ ಲೆಕ್ಕದ ಪ್ರಕಾರ ಈ ಅನುಪಾತ 2.86 ಇರಬೇಕು. ಧೂಳು ನೀಲಿಯನ್ನು ಜಾಸ್ತಿ ಕಳೆಯುವುದರಿಂದ ನಾವು ಅಳೆಯುವಾಗ ಅದು ಹೆಚ್ಚಾಗಿರುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಎಲ್ಲೋ ಒಂದು ನೀಹಾರಿಕೆಯಲ್ಲಿ ಅಳೆದಾಗ 4.0 ಬಂತು ಅಂತಿಟ್ಟುಕೊಳ್ಳಿ. 4.0ನ್ನು 2.86ರಿಂದ ಭಾಗಿಸಿದರೆ 1.4. ನಮ್ಮ ಗೆಲಾಕ್ಸಿಯ ಸಾಮಾನ್ಯ ಧೂಳಿನ ನಿಯಮ ಹಾಕಿದರೆ, ಎಚ್-ಆಲ್ಫಾ ಬೆಳಕಿನಲ್ಲಿ ನೂರಕ್ಕೆ ಸುಮಾರು 45 ಪಾಲು ಮಾತ್ರ ನಮಗೆ ತಲುಪಿದೆ. ಎಚ್-ಬೀಟಾದಲ್ಲಿ ನೂರಕ್ಕೆ ಸುಮಾರು 32 ಮಾತ್ರ. ಅನುಪಾತದಲ್ಲಿ ಚಿಕ್ಕದಾಗಿ ಕಾಣುವ ವ್ಯತ್ಯಾಸದ ಹಿಂದೆ ಅರ್ಧಕ್ಕಿಂತ ಹೆಚ್ಚು ಬೆಳಕು ಕಳೆದುಹೋಗಿದೆ.

ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬಹುದಾ?

ನಂಬಬಾರದು. ಮೊದಲನೆಯದಾಗಿ, ಎಲ್ಲಾ ಧೂಳೂ ಒಂದೇ ಥರ ಇರುವುದಿಲ್ಲ. ಒಟ್ಟು ಬೆಳಕು ಎಷ್ಟು ಮಬ್ಬಾಯಿತು, ಅದಕ್ಕೆ ಹೋಲಿಸಿದರೆ ಎಷ್ಟು ಕೆಂಪಾಯಿತು ಅನ್ನುವುದಕ್ಕೆ ಒಂದು ಸಂಖ್ಯೆ ಇದೆ. ಗೆಲಾಕ್ಸಿಯ ಸರಾಸರಿ 3.1. ಟ್ರಪೀಝಿಯಂ ಕಡೆ ಅದು ಸುಮಾರು 5.5. ಅಲ್ಲಿನ ಕಣಗಳು ಸರಾಸರಿಗಿಂತ ದೊಡ್ಡವು. ದೊಡ್ಡ ಕಣಗಳು ಬಣ್ಣವನ್ನು ಅಷ್ಟಾಗಿ ಬದಲಿಸದೆಯೇ ಬೆಳಕನ್ನು ಕಳೆಯುತ್ತವೆ. 3.1ನ್ನೇ ಹಾಕಿ ಲೆಕ್ಕ ಮಾಡಿದರೆ ಕಳೆದುಹೋದ ಬೆಳಕು ನಿಜಕ್ಕಿಂತ ಕಡಿಮೆ ಅಂತ ಬರುತ್ತದೆ.

ಎರಡನೆಯದು ಚದುರಿದ ಬೆಳಕು. ಮಹಾವ್ಯಾಧ ನೀಹಾರಿಕೆಯ ಪ್ರಕಾಶಮಾನ ನಡುಭಾಗಕ್ಕೆ ಖಗೋಳ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಅವರ ಹೆಸರನ್ನು ಇಡಲಾಗಿದೆ. 1659ರಲ್ಲಿ ಅದರ ಚಿತ್ರ ಪ್ರಕಟಿಸಿದವರು ಅವರು. ಈ ನಡುಭಾಗದ ಹೊರಗೆ ಮಂದವಾದ ದೊಡ್ಡ ಪ್ರದೇಶ ಹರಡಿಕೊಂಡಿದೆ. ಅಲ್ಲಿ ಕೆಲವು ಕಡೆ ಅನುಪಾತ ಅಳೆದಾಗ 2.86ಕ್ಕಿಂತ ಕಡಿಮೆ ಬಂತು. ಮುಂದಿರುವ ಧೂಳು ಅನುಪಾತವನ್ನು ಏರಿಸಬಲ್ಲದೇ ಹೊರತು ಇಳಿಸಲಾರದು. ಮತ್ತೆ ಇದು ಹೇಗೆ? ನಡುಭಾಗದಲ್ಲಿ ಹುಟ್ಟಿದ ಗೆರೆಗಳ ಬೆಳಕು ಹೊರಗಿನ ಧೂಳಿಗೆ ತಗುಲಿ ನಮ್ಮ ಕಡೆ ಬರುತ್ತಿದೆ. ಚದುರುವಾಗ ನೀಲಿ ಜಾಸ್ತಿ ಬಂದಿದೆ. ಎಚ್-ಬೀಟಾ ಹೆಚ್ಚಾಗಿ, ಅನುಪಾತ ಇಳಿದಿದೆ. ಆ ಜಾಗದಲ್ಲಿ ಎಚ್-ಆಲ್ಫಾ ಕಂಡಿತು ಅಂದಮಾತ್ರಕ್ಕೆ ಅದೆಲ್ಲಾ ಅಲ್ಲಿನ ಅನಿಲದ್ದೇ ಅಂತ ಹೇಳುವ ಹಾಗಿಲ್ಲ.

ಮೂರನೆಯದು, ಒಂಟಿ ನಕ್ಷತ್ರಕ್ಕೂ ಹರಡಿದ ನೀಹಾರಿಕೆಗೂ ಇರುವ ವ್ಯತ್ಯಾಸ. ನಕ್ಷತ್ರ ಒಂದು ಚುಕ್ಕೆ. ಅದರ ಬೆಳಕು ಸ್ವಲ್ಪ ಪಕ್ಕಕ್ಕೆ ಚದುರಿದರೂ ಲೆಕ್ಕದಿಂದ ಹೊರಗೆ ಹೋಯಿತು. ದೂರದ ನೀಹಾರಿಕೆಯ ಒಟ್ಟು ಬೆಳಕನ್ನು ಒಟ್ಟಿಗೇ ಅಳೆಯುವಾಗ ಹಾಗಲ್ಲ. ಒಂದು ಮೂಲೆಯಿಂದ ಆಚೆ ಹೋದ ಬೆಳಕಿನ ಬದಲು ಇನ್ನೊಂದು ಮೂಲೆಯಿಂದ ಬೆಳಕು ಒಳಗೆ ಬರುತ್ತದೆ. ಅದರಲ್ಲೂ ಧೂಳು ಮುಂದಕ್ಕೇ ಜಾಸ್ತಿ ಚದುರಿಸುವುದರಿಂದ ನಷ್ಟದ ಒಂದು ಭಾಗ ವಾಪಸ್ ಸಿಗುತ್ತದೆ. ಹೀಗಾಗಿ ಅಷ್ಟೇ ಧೂಳಿದ್ದರೂ ನೀಹಾರಿಕೆ ಕಡಿಮೆ ಮಬ್ಬಾಗಿ, ಕಡಿಮೆ ಕೆಂಪಾಗಿ ಕಾಣುತ್ತದೆ. ಬೇರೆ ಗೆಲಾಕ್ಸಿಗಳಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರ ಹುಟ್ಟುತ್ತಿವೆ ಅಂತ ಎಚ್-ಆಲ್ಫಾ ಬೆಳಕಿನಿಂದ ಅಂದಾಜು ಮಾಡುತ್ತಾರೆ. ಅಲ್ಲಿ ಈ ಸೂಕ್ಷ್ಮ ಬಿಟ್ಟರೆ ಉತ್ತರವೇ ಬದಲಾಗುತ್ತದೆ.

ಇದಕ್ಕೂ ರಾಮನ್ ಪರಿಣಾಮಕ್ಕೂ ಸಂಬಂಧ ಇದೆಯಾ?

ಧೂಳಿನ ಚದುರುವಿಕೆ ರಾಮನ್ ಪರಿಣಾಮ ಅಲ್ಲ. ಧೂಳು ಬೆಳಕಿನ ದಿಕ್ಕನ್ನು ಬದಲಿಸುತ್ತದೆ, ತರಂಗಾಂತರವನ್ನಲ್ಲ. ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದದ್ದು ಚದುರುವಾಗ ತರಂಗಾಂತರವೇ ಬದಲಾಗುವ ವಿದ್ಯಮಾನ. ಆದರೆ ಮಹಾವ್ಯಾಧದಲ್ಲಿ ಅದೂ ಸಿಕ್ಕಿದೆ. ನಕ್ಷತ್ರಗಳ ಅತಿನೇರಳೆ ಬೆಳಕು ತಟಸ್ಥ ಹೈಡ್ರೋಜನ್ ಪರಮಾಣುವಿಗೆ ತಗುಲಿ ಕೆಂಪು ಬೆಳಕಾಗಿ ಹೊರಬರುತ್ತದೆ. ಎಚ್-ಆಲ್ಫಾ ಗೆರೆಯ ಎರಡೂ ಬದಿಗೆ ಅಗಲವಾಗಿ ಹರಡಿದ ಬಹಳ ಮಂದವಾದ ಬೆಳಕು ಅದರ ಗುರುತು.

ಜೇಮ್ಸ್ ವೆಬ್ ದೂರದರ್ಶಕಕ್ಕೆ ಧೂಳಿನ ತೊಂದರೆ ಇಲ್ವಾ?

ತುಂಬಾ ಕಡಿಮೆ. 2.2 ಮೈಕ್ರೋಮೀಟರ್‌ನ ಇನ್ಫ್ರಾರೆಡ್‌ನಲ್ಲಿ ಮಬ್ಬು, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಇರುವುದರ ಸುಮಾರು ಹತ್ತನೇ ಒಂದು ಭಾಗ. ಈಗಲ್ ನೀಹಾರಿಕೆಯ ಕಂಬಗಳ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ಹಬಲ್ 1995ರಲ್ಲಿ ತೆಗೆದದ್ದು ಒಂದು, ವೆಬ್ 2022ರಲ್ಲಿ ತೆಗೆದದ್ದು ಇನ್ನೊಂದು. ಹಬಲ್‌ನಲ್ಲಿ ಗಟ್ಟಿಯಾಗಿ ಕಾಣುವ ಕಂಬಗಳು ವೆಬ್‌ನ ಹತ್ತಿರದ ಇನ್ಫ್ರಾರೆಡ್‌ನಲ್ಲಿ ತೆಳುವಾಗಿ, ಧೂಳಿನಲ್ಲಿ ಮರೆಯಾಗಿದ್ದ ಎಷ್ಟೋ ನಕ್ಷತ್ರಗಳು ಕಾಣುತ್ತವೆ. ಇನ್ನೂ ಉದ್ದದ ಇನ್ಫ್ರಾರೆಡ್‌ಗೆ ಹೋದರೆ ಧೂಳು ತಾನೇ ಹೊಳೆಯಲು ಶುರುಮಾಡುತ್ತದೆ. ಅಲ್ಲಿ ಕಾಣುವುದು ಚದುರಿದ ಬೆಳಕಲ್ಲ, ಬಿಸಿಯಾದ ಧೂಳಿನ ಸ್ವಂತ ಬೆಳಕು.

ಕಪ್ಪಾಗಿ ಕಾಣುವ ಜಾಗದಲ್ಲೆಲ್ಲಾ ಧೂಳು ಇದೆ ಅಂತಲೇ ಅರ್ಥವಾ?

ಬಹುತೇಕ ಹೌದು. ಆದರೆ ಎನ್‌ಜಿಸಿ 1999 ಅನ್ನುವ ನೀಹಾರಿಕೆಯ ಕಥೆ ತಿಳಿದಿರಲಿ. ಇದೂ ಮಹಾವ್ಯಾಧ ನಕ್ಷತ್ರಪುಂಜದಲ್ಲೇ ಇದೆ. ವಿ380 ಓರಿಯೋನಿಸ್ ಅನ್ನುವ ನಕ್ಷತ್ರದ ಬೆಳಕನ್ನು ಚದುರಿಸುವ ನೀಹಾರಿಕೆ. ಅದರ ನಡುವೆ ಒಂದು ಕಡುಕಪ್ಪು ಕಲೆ. ದಟ್ಟ ಧೂಳಿನ ಉಂಡೆ ಅಂತ ಎಲ್ಲರೂ ಅಂದುಕೊಂಡಿದ್ದರು. ಹರ್ಷೆಲ್ ಬಾಹ್ಯಾಕಾಶ ದೂರದರ್ಶಕ ಉದ್ದ ತರಂಗಾಂತರದ ಇನ್ಫ್ರಾರೆಡ್‌ನಲ್ಲಿ ನೋಡಿದಾಗ, ಧೂಳಿದ್ದರೆ ಹೊಳೆಯಬೇಕಿದ್ದ ಆ ಜಾಗ ಅಲ್ಲೂ ಕಪ್ಪಾಗೇ ಇತ್ತು. ಅದು ನಿಜವಾಗಿಯೂ ಖಾಲಿ ತೂತು ಅಂತ 2010ರಲ್ಲಿ ಪ್ರಕಟವಾಯಿತು. ಅಲ್ಲಿ ಕಪ್ಪು ಅಂದರೆ ಬೆಳಕನ್ನು ನಮ್ಮ ಕಡೆ ತಿರುಗಿಸಲು ಧೂಳೇ ಇಲ್ಲ ಅಂತ.

ಚದುರಿದ ಬೆಳಕು ಬದಲಾಗುತ್ತಾ ಇರುತ್ತದಾ?

ಕೆಲವು ಕಡೆ ಬದಲಾಗುತ್ತದೆ, ಅದೂ ನಮ್ಮ ಕಣ್ಣೆದುರೇ. ಎನ್‌ಜಿಸಿ 2261 ಅನ್ನುವ ಬೀಸಣಿಗೆ ಆಕಾರದ ನೀಹಾರಿಕೆ ಇದೆ. ಅದರ ರೂಪ ಬದಲಾಗುತ್ತದೆ ಅಂತ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ 1916ರಲ್ಲಿ ತಿಳಿಸಿದರು. ಅದರ ತುದಿಯಲ್ಲಿ ಆರ್ ಮೊನೊಸೆರೋಟಿಸ್ ಎಂಬ ಎಳೆಯ ನಕ್ಷತ್ರ ಇದೆ. ನಕ್ಷತ್ರದ ತೀರಾ ಹತ್ತಿರ ಧೂಳಿನ ತುಣುಕುಗಳು ಅಡ್ಡ ಬಂದಾಗ ಅವುಗಳ ನೆರಳು ಇಡೀ ಬೀಸಣಿಗೆಯ ಮೇಲೆ ಓಡುತ್ತದೆ. ವಾರ, ತಿಂಗಳುಗಳ ಅಂತರದಲ್ಲಿ ತೆಗೆದ ಫೋಟೋಗಳಲ್ಲೇ ಇದು ಗೊತ್ತಾಗುತ್ತದೆ. ಮೋಡ ಕದಲಿಲ್ಲ, ಅದರ ಮೇಲೆ ಬೀಳುವ ಬೆಳಕು ಬದಲಾಗಿದೆ.

ನಮ್ಮಲ್ಲಿ ಈ ಕೆಲಸ ನಡೆಯುತ್ತಿದೆಯಾ?

ಹೌದು. ಬೆಂಗಳೂರಿನ ಕೋರಮಂಗಲದಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ವಿಜ್ಞಾನಿಗಳು ಮಹಾವ್ಯಾಧದ ಸುತ್ತ ಧೂಳು ಚದುರಿಸಿದ ಅತಿನೇರಳೆ ಬೆಳಕಿನ ಮೇಲೆ ಕೆಲಸ ಮಾಡಿದ್ದಾರೆ. ಅತಿನೇರಳೆಯಲ್ಲಿ ಧೂಳಿನ ಪರಿಣಾಮ ಇನ್ನೂ ತೀವ್ರ, ಆದ್ದರಿಂದ ಕಣಗಳ ಗುಣ ತಿಳಿಯಲು ಅದು ಒಳ್ಳೆಯ ದಾರಿ. 2015ರ ಸೆಪ್ಟೆಂಬರ್ 28ರಂದು ಹಾರಿದ ಭಾರತದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕದ ಕೆಲಸಕ್ಕೂ ಇದೇ ಸಂಸ್ಥೆ ಮುಂದಾಳು. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್‌ನ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಎಚ್-ಆಲ್ಫಾ, ಎಚ್-ಬೀಟಾ ಗೆರೆಗಳನ್ನು ಅಳೆಯುವ ರೋಹಿತಮಾಪಕ ಅದರಲ್ಲಿದೆ.

ನಾನೇ ನೋಡಬೇಕು, ಫೋಟೋ ತೆಗೆಯಬೇಕು. ಯಾವ ಫಿಲ್ಟರ್ ಬೇಕು?

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬೇಟೆಗಾರನ ರೂಪದ ಮಹಾವ್ಯಾಧ ನಕ್ಷತ್ರಪುಂಜವನ್ನು ನೋಡಲು ಒಳ್ಳೆಯ ಕಾಲ. ನಡುಪಟ್ಟಿಯ ಮೂರು ನಕ್ಷತ್ರಗಳ ದಕ್ಷಿಣಕ್ಕೆ ಕತ್ತಿ, ಅದರ ನಡುವೆ ಎಂ42. ದೂರದರ್ಶಕದಲ್ಲಿ ಕಣ್ಣಿಗೆ ಅದು ಬೂದು, ಇಲ್ಲವೇ ತೆಳು ಹಸಿರು. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಎಚ್-ಆಲ್ಫಾದ ಕೆಂಪು ಕಾಣುವುದಿಲ್ಲ, ಆಮ್ಲಜನಕದ ಹಸಿರು ಗೆರೆ ಸ್ವಲ್ಪ ಮಟ್ಟಿಗೆ ಕಾಣುತ್ತದೆ.

ಫಿಲ್ಟರ್ ಕೊಳ್ಳುವ ಮುಂಚೆ ಇಷ್ಟು ಗಮನಿಸಿ. ಎಚ್-ಆಲ್ಫಾ ಅಥವಾ ಆಮ್ಲಜನಕದ ನ್ಯಾರೋಬ್ಯಾಂಡ್ ಫಿಲ್ಟರ್ (ಆ ಗೆರೆಯ ಆಸುಪಾಸಿನ ಬೆಳಕನ್ನು ಮಾತ್ರ ಬಿಡುವಂಥದ್ದು) ಹಾಕಿದರೆ ಊರಿನ ದೀಪಗಳ ಬೆಳಕು ಕಡಿಮೆಯಾಗಿ ಎಂ42 ಚೆನ್ನಾಗಿ ಎದ್ದುಕಾಣುತ್ತದೆ. ಆದರೆ ಅದೇ ಫಿಲ್ಟರ್ ಎಂ78 ಅನ್ನುವ ನೀಹಾರಿಕೆಗಾಗಲಿ ಕೃತ್ತಿಕೆಯ ನೀಲಿಗಾಗಲಿ ಪ್ರಯೋಜನವಿಲ್ಲ. ಅವು ಚದುರಿದ ನಕ್ಷತ್ರದ ಬೆಳಕು, ಎಲ್ಲಾ ಬಣ್ಣಗಳಲ್ಲೂ ಹರಡಿರುತ್ತವೆ. ಫಿಲ್ಟರ್ ದೀಪದ ಬೆಳಕಿನ ಜೊತೆ ಅವನ್ನೂ ತಡೆಯುತ್ತದೆ. ಅಂಥವಕ್ಕೆ ಕತ್ತಲ ಆಕಾಶವೇ ಬೇಕು, ಬೇರೆ ದಾರಿ ಇಲ್ಲ.

ಕತ್ತಲ ಜಾಗ ಸಿಕ್ಕಿದರೆ ಎಂ42ರ ಉತ್ತರಕ್ಕೆ ಸುಮಾರು ಅರ್ಧ ಡಿಗ್ರಿ ಸರಿದು ಎನ್‌ಜಿಸಿ 1977 ಅನ್ನುವ ನೀಲಿ ನೀಹಾರಿಕೆಯನ್ನೂ ಅದೇ ಚೌಕಟ್ಟಿಗೆ ಸೇರಿಸಿಕೊಳ್ಳಿ. ಮೊದಲು ಫಿಲ್ಟರ್ ಇಲ್ಲದೆ ಒಂದು ಫೋಟೋ, ಆಮೇಲೆ ಎಚ್-ಆಲ್ಫಾ ಫಿಲ್ಟರ್ ಹಾಕಿ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಡಿ. ಎರಡನೆಯದರಲ್ಲಿ ಎಂ42 ಹಾಗೇ ಉಳಿದು, ಉತ್ತರದ ನೀಲಿ ಮಂಕಾಗಿದ್ದರೆ, ಧೂಳಿನ ಪಾಲು ಎಲ್ಲಿ ಜಾಸ್ತಿ ಅಂತ ನಿಮ್ಮ ಕ್ಯಾಮೆರಾದಲ್ಲೇ ಸಿಕ್ಕಿತು.